ಯಂತ್ರದ ಮಾತು ಆಮೇಲೆ, ನೋವಿನ ಗುಳಿಗೆ ಮೊದಲು

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೈಮೀರಿದೆ ಎಂದು ಗೊತ್ತಾದ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಕೊಯ್ಯದೆ ಗಡ್ಡೆ ಸುಡುವ ಹೊಸ ಯಂತ್ರ ಬಂದಿದೆಯಂತೆ, ಹೊಲ ಮಾರಿಯಾದರೂ ಮಾಡಿಸೋಣ’ ಎನ್ನುವುದು ಒಂದು. ‘ಇನ್ನೇನೂ ಮಾಡುವ ಹಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎನ್ನುವುದು ಇನ್ನೊಂದು. ಬೆಳಗಾವಿ ಜಿಲ್ಲೆಯ ಬೆಲ್ಲದ ಬಾಗೇವಾಡಿಯ ಕಬ್ಬಿನ ರೈತನಿಗೂ ಬೆಂಗಳೂರಿನ ನೌಕರನಿಗೂ ಇದೇ ಎರಡು ದಾರಿ ತೋರಿಸಲಾಗುತ್ತದೆ. ಎರಡೂ ತಪ್ಪು ದಾರಿ.

ಯಂತ್ರ ಸುಳ್ಳಲ್ಲ. ಗರ್ಭಿಣಿಯರಿಗೆ ಸೋನೋಗ್ರಫಿ ಮಾಡುವ ಶಬ್ದತರಂಗಗಳನ್ನೇ ಇಲ್ಲಿ ಬಲು ತೀವ್ರವಾಗಿ, ಬಿಸಿಲಿಗೆ ಭೂತಗನ್ನಡಿ ಹಿಡಿದಂತೆ, ಒಂದೇ ಬಿಂದುವಿಗೆ ಕೂಡಿಸುತ್ತಾರೆ. ಚರ್ಮ ದಾಟಿ ಒಳಹೋದ ತರಂಗಗಳು ಸೇರಿದಲ್ಲಿ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರಿ, ಕೆಲವೇ ಮಿಲಿಮೀಟರ್ ಜಾಗದ ಜೀವಕೋಶಗಳು ಸಾಯುತ್ತವೆ. ಹಾಗೆ ಒಂದೊಂದೇ ಬಿಂದು ಸುಡುತ್ತ ಗಡ್ಡೆಯುದ್ದಕ್ಕೂ ಸಾಗಬೇಕು. ಗ್ರಂಥಿ ಇರುವುದು ಜಠರದ ಹಿಂದೆ, ಕರುಳಿನ ಮಗ್ಗುಲಲ್ಲಿ. ಕರುಳಿನ ಗಾಳಿ ತರಂಗವನ್ನು ತಡೆಯುತ್ತದೆ. ಗುರಿ ತಪ್ಪಿದರೆ ಚರ್ಮವೋ ಕರುಳೋ ಸುಟ್ಟೀತು. ಅದಕ್ಕಿಂತ ದೊಡ್ಡ ಮಿತಿ ಎಂದರೆ, ಯಕೃತ್ತಿಗೆ ಆಗಲೇ ಹಬ್ಬಿದ ರೋಗವನ್ನು ಗ್ರಂಥಿಯ ಗಡ್ಡೆಗೆ ಹಿಡಿದ ತರಂಗ ಮುಟ್ಟುವುದೇ ಇಲ್ಲ.

ಹಾಗಾದರೆ ಸಿಗುವುದೇನು? ಚೀನಾದಲ್ಲಿ, ಜರ್ಮನಿಯ ಬಾನ್‌ನಲ್ಲಿ ಈ ಚಿಕಿತ್ಸೆ ಪಡೆದವರ ವರದಿಗಳಲ್ಲಿ ಸುಮಾರು 80 ಪ್ರತಿಶತ ರೋಗಿಗಳಿಗೆ ನೋವು ಇಳಿದಿದೆ. ಗ್ರಂಥಿಯ ಹಿಂದಿರುವ ನರಗಳ ಗೊಂಚಲು ಶಾಖಕ್ಕೆ ಮಂಕಾಗುವುದು ಅದಕ್ಕೊಂದು ಕಾರಣವಿರಬೇಕು. ಇದು ದೊಡ್ಡ ಉಪಕಾರ. ಆದರೆ ಅವು ಹೆಚ್ಚಿನಂಶ ಸಣ್ಣ ಅಧ್ಯಯನಗಳು. ಆಯುಷ್ಯ ಹೆಚ್ಚುತ್ತದೆ ಎಂದು ಅವು ಸಾಬೀತುಪಡಿಸಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಮೂಳೆಗೆ ಹರಡಿದ ಕ್ಯಾನ್ಸರಿಗೆ ಈ ತಂತ್ರವನ್ನು ಒಪ್ಪಿದ್ದೂ ನೋವಿನ ಶಮನಕ್ಕೆ, ಗುಣಪಡಿಸುವುದಕ್ಕಲ್ಲ.

ಅಂದಮೇಲೆ ಇದನ್ನು ನೋವಿನ ಚಿಕಿತ್ಸೆ ಎಂದೇ ಅಳೆಯಬೇಕು. ಈ ರೋಗದ ನೋವು ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಇರಿಯುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ. ರೋಗಿ ರಾತ್ರಿಯಿಡೀ ದಿಂಬನ್ನು ಹೊಟ್ಟೆಗೆ ಅವಚಿ ಮುಂದಕ್ಕೆ ಬಾಗಿ ಕೂತಿರುತ್ತಾನೆ, ಮನೆಯವರು ಬೆನ್ನು ನೀವುತ್ತ ಕೂತಿರುತ್ತಾರೆ. ಅವನಿಗೆ ಆ ಹೊತ್ತಿಗೆ ಬೇಕಾದದ್ದು ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ. ಅದೂ ಸಾಲದಿದ್ದರೆ, ಅದೇ ನರಗಳ ಗೊಂಚಲಿಗೆ ಸೂಜಿಯಿಂದ ಆಲ್ಕೋಹಾಲ್ ಕೊಟ್ಟು ನೋವು ತಗ್ಗಿಸುವ ಹಳೆಯ ವಿಧಾನವಿದೆ.

ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಮಾರ್ಫಿನ್ ತೆಗೆಯುವ ಅಫೀಮನ್ನು ಸರ್ಕಾರದ ಪರವಾನಗಿಯಲ್ಲೇ ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯ್ದೆಯ ಪರವಾನಗಿಗಳ ತೊಡಕಿಗೆ ಅಂಜಿ ಹಲವು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತು, ಅಂಜಿಕೆಯನ್ನು ಸಡಿಲಿಸಲಿಲ್ಲ. ‘ಚಟ ಹತ್ತುತ್ತದೆ’, ‘ಸಾವು ಬೇಗ ಬರುತ್ತದೆ’ ಎಂದು ಕಲಿತವರೂ ಹೇಳುತ್ತಾರೆ. ತಿಳಿದ ವೈದ್ಯರು ನೋವಿಗೆ ತಕ್ಕಂತೆ ಅಳೆದು ಕೊಟ್ಟ ಮಾರ್ಫಿನ್ ಸಾವನ್ನು ಕರೆತರುವುದಿಲ್ಲ, ನಿದ್ದೆಯನ್ನು ಕೊಡುತ್ತದೆ. ತಿಂಗಳುಗಳ ಆಯುಷ್ಯ ಉಳಿದವನಿಗೆ ಚಟದ ಭಯ ಹೇಳಿ ಗುಳಿಗೆ ತಪ್ಪಿಸುವುದು ಕ್ರೌರ್ಯ.

‘ಏನೂ ಮಾಡುವ ಹಾಗಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ನಾಲ್ಕು ಔಷಧಿ ಕೂಡಿಸಿದ ಕೀಮೋ, ತಾಳಿಕೊಳ್ಳಬಲ್ಲ ರೋಗಿಗಳಲ್ಲಿ, ಸರಾಸರಿ ಆಯುಷ್ಯವನ್ನು 6.8 ತಿಂಗಳಿಂದ 11.1ಕ್ಕೆ ಏರಿಸಿದ್ದನ್ನು 2011ರಲ್ಲೇ ಫ್ರಾನ್ಸಿನ ಪ್ರಯೋಗ ತೋರಿಸಿತು. ಕಾಮಾಲೆಯಾಗಿ ಮೈಯೆಲ್ಲ ತುರಿಸುವವನ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರೆ ತುರಿಕೆ ತಗ್ಗುತ್ತದೆ. ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಆದರೆ ಅದು ಬೆಲ್ಲದ ಬಾಗೇವಾಡಿಯಿಂದ 500 ಕಿಲೋಮೀಟರಿಗೂ ದೂರ. ಬೆನ್ನು ನೆಟ್ಟಗೆ ಮಾಡಲಾಗದವನು ಅಷ್ಟು ದೂರ ಹೇಗೆ ಹೋದಾನು?

ಆದ್ದರಿಂದ ನಮ್ಮ ಬೇಡಿಕೆಯ ಸರದಿ ಬದಲಾಗಬೇಕು. ನಮ್ಮ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಇರಲಿ, ಅದನ್ನು ಬರೆದುಕೊಡಲು ತರಬೇತಾದ ಒಬ್ಬ ವೈದ್ಯರು, ಮನೆಗೆ ಹೋಗಿ ನೋಡುವ ಒಬ್ಬ ನರ್ಸ್ ಇರಲಿ. ದೊಡ್ಡ ಕೇಂದ್ರಗಳಲ್ಲಿ ಶಬ್ದತರಂಗದ ಪ್ರಯೋಗವೂ ನಡೆಯಲಿ, ರೋಗಿಯಿಂದ ದುಡ್ಡು ಕೀಳದೆ, ಫಲಿತಾಂಶ ಬಚ್ಚಿಡದೆ. ಹೊಲ ಮಾರುವ ಮುನ್ನ ಮನೆಯವರು ವೈದ್ಯರನ್ನು ನೇರವಾಗಿ ಕೇಳಲಿ: ಇದು ಆಯುಷ್ಯಕ್ಕೋ, ನೋವಿಗೋ? ನೋವಿಗೆ ಎಂದಾದರೆ, ಗುಳಿಗೆ ಕೊಟ್ಟು ನೋಡಿದ್ದೀರಾ? ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾರೂ ಒಂದು ಗುಂಟೆಯನ್ನೂ ಮಾರಬೇಕಿಲ್ಲ.