ರೇಸ್ ಕೊಟ್ಟರೂ ಏಳದ ಎಂಜಿನ್

ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಬಂದವೂ ಇವೆ. ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಇಂಥ ಹಳೆಯ ಎಂಜಿನ್ ಕೆಲವೊಮ್ಮೆ ಐಡ್ಲಿಂಗ್‌ನಲ್ಲಿ ಸಾಧುವಾಗಿದ್ದು, ರೇಸ್ ಕೊಟ್ಟೊಡನೆ ಮುಗ್ಗರಿಸುತ್ತದೆ.

ಒಳ್ಳೆಯ ಮೆಕ್ಯಾನಿಕ್ ಆಗ ಸ್ಪ್ಯಾನರ್‌ಗೆ ಕೈಹಾಕುವುದಿಲ್ಲ. ನನಗೆ ಇಷ್ಟವಾಗುವುದು ಅದೇ. ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಸಡಿಲವಿದೆಯೇ ನೋಡುತ್ತಾನೆ. ಅದು ಬಿಗಿದಿದ್ದರೆ ಒಳಗೆ ನಿರ್ವಾತವಾಗಿ ಎಣ್ಣೆ ಬರುವುದೇ ನಿಲ್ಲುತ್ತದೆ. ಆಮೇಲೆ, ಎಂಜಿನ್ ಸೊರಗುವ ಹೊತ್ತಿಗೆ ಸರಿಯಾಗಿ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಚುಕುತ್ತಾನೆ. ಸದ್ದು ಚೇತರಿಸಿಕೊಂಡಿತೋ, ತಪ್ಪು ಹೆಚ್ಚಾಗಿ ಫ್ಯೂಯಲ್ ಪಂಪಿನ ಡಯಾಫ್ರಮ್‌ನದ್ದು, ಇಲ್ಲವೇ ಗಾಳಿ ಎಳೆಯುವ ಪೈಪಿನದ್ದು. ಚೇತರಿಸದಿದ್ದರೆ ಅನುಮಾನ ಕಾರ್ಬೊರೇಟರಿನ ಮೇನ್ ಜೆಟ್ ಮೇಲೆ. ಎಷ್ಟು ಅಗ್ಗದ, ಎಷ್ಟು ಚೊಕ್ಕ ಪರೀಕ್ಷೆ!

ರೇಸ್ ಕೊಡುವ ಥ್ರಾಟಲ್ ಹ್ಯಾಂಡಲ್ ಪೂರ್ತಿ ತಿರುಗಿದರೂ ಕಾರ್ಬೊರೇಟರಿನ ಬಟರ್‌ಫ್ಲೈ ಪೂರ್ತಿ ತೆರೆಯದಿದ್ದರೆ ಉಪ್ಪು ತಿಂದ ಕೇಬಲನ್ನು ನೋಡಬೇಕು. ಅನೇಕ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಅದೇ ಹ್ಯಾಂಡಲ್ ಕಿಡಿ ಇನ್ನಷ್ಟು ಬೇಗ ಹಾರುವಂತೆಯೂ ಮಾಡುತ್ತದೆ. ಇವೆರಡರ ಹೊಂದಾಣಿಕೆ ತಪ್ಪಿದರೆ ಜೆಟ್ ತೊಳೆದದ್ದು ವ್ಯರ್ಥ. ಸದ್ದು ಜೋರಾಗಿ ಏರಿಯೂ ದೋಣಿ ಮುಂದೆ ಹೋಗದಿದ್ದರೆ? ಅಲ್ಲಿ ಥ್ರಾಟಲ್ ಬಹುಮಟ್ಟಿಗೆ ನಿರಪರಾಧಿ; ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ ಜಾರುತ್ತಿರಬಹುದು.

ಹಳೆಯ ಎಂಜಿನ್ ಕೊಳ್ಳುವವರೇ, ಡ್ರಮ್ಮಿನ ನೀರಿನಲ್ಲಿ ಅದರ ಸದ್ದು ಕೇಳಿ ಹಣ ಎಣಿಸಬೇಡಿ. ದೋಣಿಗೆ ಕೂರಿಸಿ, ಜನ ಹತ್ತಿಸಿ, ಪೂರ್ತಿ ರೇಸಿನಲ್ಲಿ ಒಮ್ಮೆ ಓಡಿಸಿ ನೋಡಿ.