ಬೆಚ್ಚಗಿನ ಇಂಜಿನ್ನಿನ ಸಾಕ್ಷ್ಯ

ಜುಲೈ ತಿಂಗಳ ಕೊನೆಯ ವಾರದಲ್ಲಿ ಮಲ್ಪೆ ಬಂದರಿನ ದಕ್ಕೆಗೆ ಹೋದವರ ಮೂಗಿಗೆ ಮೀನಿನ ವಾಸನೆಗಿಂತ ಮುಂಚೆ ಬಣ್ಣದ ವಾಸನೆ ಬಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಮೀನುಗಾರಿಕೆಗೆ ಇಳಿಯಕೂಡದೆಂಬ ನಿಷೇಧವಿರುವುದರಿಂದ, ಎರಡು ತಿಂಗಳ ಮಳೆಯನ್ನು ಒಂದಕ್ಕೊಂದು ಮೈಯೊತ್ತಿ ನಿಂತು ಸಹಿಸಿದ ಬೋಟುಗಳೆಲ್ಲ ಆ ಹೊತ್ತಿಗೆ ಮೈ ಕೆರೆಸಿಕೊಂಡು, ಬಿರುಕು ತುಂಬಿಸಿಕೊಂಡು, ನೀಲಿ ಹಸುರು ಕೆಂಪುಗಳನ್ನು ಬಳಿಸಿಕೊಂಡು ಆಗಸ್ಟಿನ ಮೊದಲ ದಿನಕ್ಕಾಗಿ ಕಾದಿರುತ್ತವೆ; ಮಾರಾಟಕ್ಕಿರುವ ಬೋಟುಗಳ ವ್ಯಾಪಾರದ ಮಾತೂ ಈ ಬಿಡುವಿನಲ್ಲಿಯೇ ನಡೆಯುತ್ತದೆ. ಅಂದರೆ, ಇಂಜಿನ್ನಿನ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ಅತ್ಯಂತ ಅನನುಕೂಲವಾದ ಕಾಲವನ್ನೇ ನಮ್ಮ ಪದ್ಧತಿಯು ಆರಿಸಿಕೊಂಡಿದೆ.

ಕೆಲವು ವರ್ಷಗಳ ಹಿಂದೆ ನನ್ನ ಭಾವಮೈದುನನು ಹಳೆಯ ಟ್ರಾಲ್ ಬೋಟೊಂದನ್ನು ಕೊಳ್ಳಲು ಹೊರಟಾಗ, ಕಾಗದಪತ್ರ ನೋಡುವುದಕ್ಕೆಂದು ನನ್ನನ್ನೂ, ಇಂಜಿನ್ ನೋಡುವುದಕ್ಕೆಂದು ಮೂವತ್ತು ವರ್ಷ ಬೋಟು ನಡೆಸುವ ತಂಡೇಲರಾಗಿ ದುಡಿದು ಮೊಣಕಾಲು ನೋವಿನಿಂದ ದಡ ಸೇರಿದ್ದ ಮುದುಕರೊಬ್ಬರನ್ನೂ ಜೊತೆಗೆ ಕರೆದೊಯ್ದಿದ್ದನು. ಮಾರುವವನು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಚಹಾ ತರಿಸಿ, ಸ್ಟಾರ್ಟರಿನ ಗುಂಡಿಯೊತ್ತಿದನು; ಇಂಜಿನ್ನು ಅರ್ಧ ಸುತ್ತಿಗೇ ಹಿಡಿದು ಒಂದೇ ಶ್ರುತಿಯಲ್ಲಿ ಓಡತೊಡಗಿತು. ಭಾವಮೈದುನನ ಮುಖವರಳಿತು. ಆದರೆ ಗುಂಡಿಯೊತ್ತುವುದಕ್ಕೆ ಮೊದಲೇ ಸದ್ದಿಲ್ಲದೆ ಬ್ಲಾಕಿನ ಮೇಲೆ ಅಂಗೈಯಿಟ್ಟು ನೋಡಿದ್ದ ಮುದುಕರು, “ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟುವುದು ಬೇಡ” ಎಂದಷ್ಟೇ ಹೇಳಿ ಹಲಗೆ ದಾಟಿದರು. ಆ ಕಬ್ಬಿಣವು ನಾವು ಬರುವ ಮುಂಚೆಯೇ ಬೆಚ್ಚಗಿತ್ತು.

ದಕ್ಕೆಯ ರೂಢಿಯಲ್ಲಿ ಇಂಜಿನ್ ನೋಡುವುದೆಂದರೆ ಬಹುಮಟ್ಟಿಗೆ ಇಂಜಿನ್ ಕೇಳುವುದು. ಈ ರೂಢಿಗೆ ಒಂದು ವಂಶಾವಳಿಯುಂಟು. ಕೇರಳದ ನೀಂಡಕರದಲ್ಲಿ 1950ರ ದಶಕದಲ್ಲಿ ತೊಡಗಿದ ಇಂಡೋ-ನಾರ್ವೇಜಿಯನ್ ಮೀನುಗಾರಿಕಾ ಯೋಜನೆಯು ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂದು, ನಮ್ಮ ಕರಾವಳಿಯ ದೋಣಿಗಳಿಗೆ ಯಂತ್ರವು ಅಂಟಿಕೊಂಡ ಮೇಲೆ, ಅದನ್ನು ರಿಪೇರಿ ಮಾಡುವ ವಿದ್ಯೆಯನ್ನು ಅನೇಕರು ಕಲಿತದ್ದು ಲಾರಿಯ ಗ್ಯಾರೇಜಿನಲ್ಲಿ. ಬೋಟಿನಲ್ಲಿ ಕೂತ ಲೇಲ್ಯಾಂಡ್ ಇಂಜಿನ್ನು ರಸ್ತೆಯ ಮೇಲಿನ ಲೇಲ್ಯಾಂಡಿನ ಒಡಹುಟ್ಟಿದುದಾದ್ದರಿಂದ ಅದು ಅಸಹಜವೂ ಅಲ್ಲ. ಸದ್ದು, ಹೊಗೆ, ಎಳೆತ ಎಂಬ ಲಾರಿಯ ಮೂರು ಪರೀಕ್ಷೆಗಳು ಹೀಗೆ ಸಮುದ್ರಕ್ಕೂ ಬಂದುವು. ಲಾರಿಗೆ ಇಲ್ಲದ ಶತ್ರುವೊಂದು, ಎಂದರೆ ಉಪ್ಪುನೀರು, ಬೋಟಿನ ಇಂಜಿನ್ನಿನ ಒಡಲೊಳಗೇ ದಿನವಿಡೀ ಹರಿದಾಡುತ್ತದೆಂಬುದನ್ನು ಈ ಮೂರರಲ್ಲಿ ಯಾವುದೂ ಗಣನೆಗೆ ತಂದುಕೊಳ್ಳುವುದಿಲ್ಲ.

“ಎಷ್ಟು ಸೀಸನ್ ಓಡಿದೆ?” ಎಂಬ ಪ್ರಶ್ನೆಯು ಎತ್ತಿನ ಹಲ್ಲು ಎಣಿಸುವುದಕ್ಕೆ ಸಮಾನವಾದುದು, ಕೇಳದಿರುವುದು ಮೂರ್ಖತನ, ಅದನ್ನೇ ನಂಬುವುದು ಇನ್ನೂ ದೊಡ್ಡ ಮೂರ್ಖತನ. ಹತ್ತು ದಿನದ ಆಳಸಮುದ್ರದ ಟ್ರಿಪ್ಪಿನಲ್ಲಿ ದಿನಕ್ಕೆ 20 ಗಂಟೆ ಓಡಿದರೂ 200 ಗಂಟೆಯಾಯಿತು; ತಿಂಗಳಿಗೆ ಎರಡು ಟ್ರಿಪ್ಪೆಂದು ಹಿಡಿದರೆ ಹತ್ತು ತಿಂಗಳ ಒಂದು ಸೀಸನ್ನಿಗೆ 4000 ಗಂಟೆ. ವಾರಾಂತ್ಯದ ವಿಹಾರಕ್ಕೆಂದು ಬೋಟಿಟ್ಟುಕೊಂಡವನು ಇಷ್ಟು ಗಂಟೆಯನ್ನು ಇಪ್ಪತ್ತು ವರ್ಷದಲ್ಲಿಯೂ ಓಡಿಸಲಾರನು. ಹಾಗೆಂದು ಅವನ ಇಂಜಿನ್ನು ಎಳೆಯದೆಂದು ಭಾವಿಸಿದರೆ ಮೋಸಹೋಗುತ್ತೇವೆ. ಡೀಸೆಲ್ ಇಂಜಿನ್ನು ಓಟದಿಂದ ಸವೆಯುತ್ತದೆ, ನಿಲುಗಡೆಯಿಂದ ಕೊಳೆಯುತ್ತದೆ. ಓಡದೆ ನಿಂತಾಗ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪೊರೆ ಜಾರಿ, ಒಳಗಿನ ತೇವವು ಹನಿಗಟ್ಟಿ, ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ತಮ್ಮ ತೋಡಿನಲ್ಲಿಯೇ ಕಚ್ಚಿಕೊಳ್ಳುತ್ತವೆ, ಹಳಸಿದ ಆಯಿಲ್ಲು ಆಮ್ಲವಾಗಿ ಬೇರಿಂಗುಗಳನ್ನು ತಿನ್ನುತ್ತದೆ. ಮಲ್ಪೆಯ ಬೋಟಿಗೆ ಈ ಕಾಯಿಲೆಯ ಭಯವಿರುವುದು ವರ್ಷಕ್ಕೆ ಎರಡೇ ತಿಂಗಳು. ಆದರೆ ನಾವು ಪರೀಕ್ಷಿಸಲು ಹೋಗುವುದೂ ಸರಿಯಾಗಿ ಆ ಎರಡು ತಿಂಗಳ ಅಂತ್ಯದಲ್ಲಿ.

ಹೇಳಿದಂತೆಯೇ ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೋದೆವು. ಮುದುಕರು ಬ್ಲಾಕು ತಣ್ಣಗಿರುವುದನ್ನು ಖಾತ್ರಿಮಾಡಿಕೊಂಡು, ತಾವೇ ಹೊರಿಸಿ ತಂದಿದ್ದ ಬ್ಯಾಟರಿಯನ್ನು ಜೋಡಿಸಿದರು. ಬ್ಯಾಟರಿಯ ದೋಷವನ್ನು ಇಂಜಿನ್ನಿನ ತಲೆಗೆ ಕಟ್ಟುವುದಾಗಲಿ, ಇಂಜಿನ್ನಿನ ದೋಷವನ್ನು ಬ್ಯಾಟರಿಯ ನೆವದಲ್ಲಿ ಮರೆಸುವುದಾಗಲಿ ಆಗಬಾರದೆಂಬುದು ಅವರ ಉದ್ದೇಶ. ಮೊದಲ ಮೂರು ಯತ್ನಗಳು ವ್ಯರ್ಥವಾದುವು. ನಾಲ್ಕನೆಯದಕ್ಕೆ ಇಂಜಿನ್ನು ಎರಡು ಸಿಲಿಂಡರಿನಲ್ಲೋ ಮೂರರಲ್ಲೋ ಕೆಮ್ಮಿಕೊಂಡು ಎದ್ದು, ಕಣ್ಣುರಿಸುವಂಥ ಬಿಳಿಹೊಗೆಯನ್ನು ನೀರಿನ ಮೇಲೆ ಹಾಸಿ, ಒಂದು ನಿಮಿಷದ ಮೇಲೆ ನಿನ್ನೆಯ ಶ್ರುತಿಗೆ ಬಂದಿತು.

ಈ ಒಂದು ನಿಮಿಷದ ಬೆಲೆಯನ್ನು ತಿಳಿಯಬೇಕಾದರೆ ಯಂತ್ರದ ಮೂಲತತ್ತ್ವಕ್ಕೆ ಹೋಗಬೇಕು. ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವುದಕ್ಕೆ ಮುಂಚೆ ಮನುಷ್ಯನೊಬ್ಬನ ಹೆಸರಾಗಿತ್ತು. ರುಡಾಲ್ಫ್ ಡೀಸೆಲ್ಲನು 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ನಗರದಲ್ಲಿ ಓಡಿಸಿ ತೋರಿಸಿದ ಇಂಜಿನ್ನಿಗೆ ಕಿಡಿಯ ಹಂಗಿರಲಿಲ್ಲ; ಗಾಳಿಯನ್ನು ಅದುಮಿದ ಬಿಸಿಯಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತಿತ್ತು. (ಆ ಮಹಾಶಯನು 1913ರ ಒಂದು ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿ ಸಮುದ್ರದ ಪಾಲಾದನು, ಅವನ ಯಂತ್ರವು ಹಡಗುಗಳನ್ನು ಆಳಲು ಆಗತಾನೆ ತೊಡಗಿತ್ತು.) ಇಂದಿನ ಇಂಜಿನ್ನುಗಳಲ್ಲಿ ಗಾಳಿಯು ತನ್ನ ಗಾತ್ರದ ಹದಿನಾರರಲ್ಲಿ ಇಲ್ಲವೆ ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರಿಂಗು ಸವೆದಿದ್ದರೆ, ವಾಲ್ವು ಸರಿಯಾಗಿ ಕೂರದಿದ್ದರೆ, ಅದುಮಿದ ಗಾಳಿ ಸೋರಿ ಆ ಬಿಸಿ ಹುಟ್ಟದು. ಆದರೆ ಲೋಹವು ಮೊದಲೇ ಕಾದಿದ್ದರೆ ಕೊರತೆಯನ್ನು ಅದೇ ತುಂಬಿಕೊಡುತ್ತದೆ. ಆದುದರಿಂದಲೇ ಬೆಚ್ಚಗಿನ ಇಂಜಿನ್ನು ಸುಳ್ಳು ಸಾಕ್ಷಿ. ಆಯಿಲ್ ಪ್ರೆಶರಿನ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು: ತಣ್ಣನೆಯ ಆಯಿಲ್ಲು ಮಂದವಾಗಿ, ಸವೆದ ಬೇರಿಂಗಿನಲ್ಲಿಯೂ ಮುಳ್ಳನ್ನು ಮೇಲಕ್ಕೆತ್ತಿ ತೋರಿಸುವುದರಿಂದ, ಅದನ್ನು ನೋಡತಕ್ಕದ್ದು ಚೆನ್ನಾಗಿ ದುಡಿದು ಕಾದ ಇಂಜಿನ್ನು ನಿಧಾನಗತಿಗೆ ಇಳಿದಾಗ.

ಹೊಗೆಯ ಬಣ್ಣದ ಶಾಸ್ತ್ರವನ್ನು ನಮ್ಮವರು ಅತಿಯಾಗಿ ನೆಚ್ಚಿದ್ದಾರೆ. ಕಪ್ಪಾದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚು, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಎಣ್ಣೆ ಉರಿಯದೆ ಹೊರಬೀಳುತ್ತಿದೆ ಅಥವಾ ನೀರು ಸೇರಿದೆ ಎಂಬುದೇನೋ ಸತ್ಯ. ಆದರೆ ಮಂದವಾದ ಆಯಿಲ್ಲನ್ನು ಸುರಿದು ನೀಲಿಯನ್ನು ಒಂದೆರಡು ದಿನ ಅಡಗಿಸಬಹುದು. ಆಯಿಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿ ಕಬ್ಬಿಣ, ತಾಮ್ರ, ಸೀಸ, ಸೋಡಿಯಂಗಳ ಅಂಶವನ್ನು ಅಳೆಸುವ ಕ್ರಮವು ಉತ್ತಮವಾದುದೇ; ಸೋಡಿಯಂ ಏರಿದ್ದರೆ ಉಪ್ಪುನೀರು ಒಳಹೊಕ್ಕಿದೆಯೆಂಬ ಸಂಶಯಕ್ಕೆ ಬಲ ಬರುತ್ತದೆ. ಆದರೆ ನಿನ್ನೆ ಬದಲಾಯಿಸಿದ ಆಯಿಲ್ಲೆಂದರೆ ಬರೆಯದ ಹಾಳೆ. ಕಡ್ಡಿಯೆತ್ತಿದಾಗ ಜೇನಿನಂತೆ ಹೊಳೆಯುವ ಆಯಿಲ್ಲನ್ನು ಕಂಡು ಹಿಗ್ಗುವವರಿಗಿಂತ, ಕಪ್ಪಾದುದನ್ನು ಕಂಡು ನೆಮ್ಮದಿಪಡುವವರು ಹೆಚ್ಚು ಜಾಣರು.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಮುದುಕರು ಬಣ್ಣವನ್ನು ಓದಿದ ಬಗೆ. ಹೊಸ ಬಣ್ಣವೆಂದರೆ ಮೋಸವೆಂದು ಅವರು ತಿಳಿಯಲಿಲ್ಲ. ಮಳೆಗಾಲದಲ್ಲಿ ಬಣ್ಣ ಬಳಿಯದವನು ಯಾರು? ಟಾರ್ಚು ಹಿಡಿದು ಮಲಗಿ, ಕುಂಚ ತಲುಪದ ಕಡೆಗಳನ್ನು, ಎಂದರೆ ಆಯಿಲ್ ಸಂಪಿನ ಅಡಿಯನ್ನು, ಬ್ಲಾಕಿನ ಹಿಂಬದಿಯನ್ನು, ಇಂಜಿನ್ನಿನ ಕಾಲುಗಳನ್ನು ನೋಡಿದರು. ಬಳಿಕ ಕಡಲನೀರನ್ನು ಎಳೆಯುವ ಪಂಪಿನ ಬಳಿಗೆ ಬಂದು, ಅದರ ಮುಚ್ಚಳದ ಸ್ಕ್ರೂಗಳ ಗೀರುಗಳಲ್ಲಿ ಬಣ್ಣವು ಪದರ ಪದರವಾಗಿ ತುಂಬಿರುವುದನ್ನು ಉಗುರಿನಿಂದ ಕೆರೆದು ನನಗೆ ತೋರಿಸಿದರು: ಕೆಳಗೆ ಹಸುರು, ಅದರ ಮೇಲೆ ಬೂದು, ಮೇಲೆ ಮತ್ತೆ ಹಸುರು. ಆ ಮುಚ್ಚಳದ ಹಿಂದಿರುವ ರಬ್ಬರಿನ ಚಕ್ರವನ್ನು ಆಗಾಗ ಬದಲಾಯಿಸುತ್ತಿರಬೇಕು. ಮೂರು ಬಣ್ಣಗಳ ಕಾಲ ಯಾರೂ ಆ ಸ್ಕ್ರೂ ಬಿಚ್ಚಿರಲಿಲ್ಲ. ಹೋಸಿನ ಕ್ಲಿಪ್ಪುಗಳಿಗೂ ಅದೇ ಗತಿ. ಎಕ್ಸಾಸ್ಟಿನ ನೀರುಹೊದಿಕೆಯ ಕೆಳಗೆ ಬೆರಳಾಡಿಸಿದಾಗ ಉಪ್ಪಿನ ಹೆಕ್ಕಳೆ ಕೈಗೆ ಬಂದಿತು. ಒಳಗಿನಿಂದ ತುಕ್ಕು ತಿನ್ನುವ ಈ ಜಾಗವು ತೂತುಬಿದ್ದರೆ ನೀರು ಹಿಂದಕ್ಕೆ ಹರಿದು ಸಿಲಿಂಡರಿಗೇ ಇಳಿಯುವುದುಂಟು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಆಗ ಬಾಗುವುದು ಕನೆಕ್ಟಿಂಗ್ ರಾಡು. ಸದ್ದು ಕೇಳಿ ಬೋಟು ಕೊಳ್ಳುವವನಿಗೆ ಇದಾವುದೂ ಕೇಳಿಸುವುದಿಲ್ಲ.

ಉಳಿದುದು ಹೊರೆಯ ಪರೀಕ್ಷೆ. ಶಿರಾಡಿ ಘಾಟಿ ಹತ್ತಿದ ಲಾರಿಗೆ ಸಕಲೇಶಪುರದ ಆಚೆ ಸಮತಟ್ಟು ಸಿಗುತ್ತದೆ, ಮರಳುವಾಗ ಇಳಿಜಾರೂ ಸಿಗುತ್ತದೆ. ಬಲೆಯೆಳೆಯುವ ಬೋಟಿಗೆ ಗಂಟೆಗಟ್ಟಲೆ ಘಾಟಿಯೇ. ಆದುದರಿಂದ ಕಟ್ಟಿಹಾಕಿದ ಬೋಟಿನಲ್ಲಿ ಗೇರು ಹಾಕದೆ ಇಂಜಿನ್ನನ್ನು ಗುಡುಗಿಸುವುದು ಪರೀಕ್ಷೆಯಲ್ಲ, ತಮಾಷೆ. ಕಡಲಿಗೆ ಒಯ್ದು, ಪೂರ್ತಿ ಥ್ರಾಟಲ್ ಕೊಟ್ಟು, ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತದೆಯೋ, ಉಷ್ಣಾಂಶವು ಒಂದೆಡೆ ನಿಲ್ಲುತ್ತದೆಯೋ ಎಂದು ನೋಡುವುದು ಸರಿಯಾದ ಕ್ರಮ. ಮುಟ್ಟದಿದ್ದರೆ ತಪ್ಪು ಇಂಜಿನ್ನಿನದಾಗಿರಬಹುದು, ಅಳತೆ ಮೀರಿದ ಪ್ರೊಪೆಲ್ಲರಿನದಾಗಿರಬಹುದು, ಅಡಿಗೆ ಕಚ್ಚಿದ ಚಿಪ್ಪಿನದೂ ಆಗಿರಬಹುದು. ಆದರೆ ಜುಲೈ ತಿಂಗಳ ಅಲೆಗೆ ಬೋಟನ್ನು ಒಯ್ಯುವವರಾರು? ಮುದುಕರು ಎರಡು ದಪ್ಪ ಹಗ್ಗಗಳಿಂದ ಬೋಟನ್ನು ದಕ್ಕೆಗೆ ಬಿಗಿಸಿ, ಗೇರು ಹಾಕಿಸಿ, ಅರ್ಧ ಗಂಟೆ ಹಗ್ಗವನ್ನೇ ಎಳೆಯಿಸಿದರು. ಇದು ಸಮುದ್ರಕ್ಕೆ ಸಮನಲ್ಲ, ಆದರೆ ಅದರ ಬಡ ಸೋದರ. ಇಪ್ಪತ್ತನೆಯ ನಿಮಿಷದಿಂದ ಉಷ್ಣಾಂಶದ ಮುಳ್ಳು ನಿಲ್ಲದೆ ಏರತೊಡಗಿತು. ಆಯಿಲ್ ಪ್ರೆಶರು ಮಾತ್ರ ಕೊನೆಗೂ ಗೌರವವಾಗಿಯೇ ನಿಂತಿತ್ತು. “ದಣಿದಿದೆ, ಸತ್ತಿಲ್ಲ” ಎಂದರು. ಗೇರ್‌ಬಾಕ್ಸನ್ನು ಮುಂದೆ ಹಿಂದೆ ಎರಡು ಸಲ ಹಾಕಿಸಿ ಅಷ್ಟಕ್ಕೇ ಬಿಟ್ಟರು.

ಮುಂಗಡದ ಹಣಕ್ಕೆ ಕೈ ಹಾಕುವ ಮುನ್ನ ಮುದುಕರು ಕೇಳಿದ್ದು ಒಂದು ಖಾಲಿ ಗಾಜಿನ ಸೀಸೆಯನ್ನು. ನಡುಗಡಲಿನಲ್ಲಿ ನಿಂತುಹೋದ ಇಂಜಿನ್ನುಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ, ಅವಕ್ಕೆ ಕುಡಿಸಿದ ಎಣ್ಣೆ ಕೆಟ್ಟಿರುತ್ತದೆ ಎಂದರು. ದಡದಲ್ಲಿ ಟ್ಯಾಂಕಿನ ತಳಕ್ಕೆ ಅಡಗಿ ಕೂತ ಮಡ್ಡಿಯನ್ನು ಮೊದಲ ದೊಡ್ಡ ಅಲೆಯೇ ಎಬ್ಬಿಸಿ ಫಿಲ್ಟರಿಗೆ ತುರುಕುತ್ತದೆಯಂತೆ. ಟ್ಯಾಂಕಿನ ತಳದ ನಲ್ಲಿಯನ್ನು ಬಿಚ್ಚಿ ಸೀಸೆ ತುಂಬಿಸಿ, ಅದನ್ನು ಚಹಾದ ಲೋಟಗಳ ನಡುವೆ ಹಲಗೆಯ ಮೇಲಿಟ್ಟರು. ನಾವು ನಾಲ್ವರೂ ಸುಮ್ಮನೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ತಳದಲ್ಲಿ ಎರಡು ಬೆರಳಿನಷ್ಟು ನೀರು, ಅದರ ಮೇಲೆ ಕಂದು ಬಣ್ಣದ ಲೋಳೆ, ಮೇಲೆ ಡೀಸೆಲ್ಲು ಬೇರೆ ಬೇರೆಯಾಗಿ ನಿಂತುವು. ಮಾರುವವನು ಹಿಂದಿನ ದಿನ ಹೇಳಿದ್ದ ಬೆಲೆಯನ್ನು ಯಾರೂ ನೆನಪಿಸಲಿಲ್ಲ. ಆ ಸೀಸೆಯನ್ನು ನಡುವೆ ಇಟ್ಟುಕೊಂಡೇ ಮಾತು ಹೊಸದಾಗಿ ಶುರುವಾಯಿತು.