ಏಪ್ರಿಲ್ಲಿನ ಉರಾಕ್

ಬೆಂಗಳೂರಿನ ಗೆಳೆಯರು ಬಿಯರ್ ಹಬ್ಬಗಳ ಸುದ್ದಿ ಹೇಳಿದಾಗ ನನಗೆ ಗೇರುಹಣ್ಣು ನೆನಪಾಗುತ್ತದೆ. ಹಟ್ಟಿಕೇರಿಯಿಂದ ಕಾರವಾರ ದಾಟಿ, ಮಾಜಾಳಿ ಗಡಿಯಾಚೆ ಗೋವಾದ ಕಾಣಕೋಣ ಸೇರಿದರೆ ಏಪ್ರಿಲ್‌ನಲ್ಲಿ ಗಾಳಿಗೇ ಹಣ್ಣಿನ ಘಾಟು.

ಅಲ್ಲಿನವರು ಹಣ್ಣನ್ನು ಕೊಯ್ಯುವುದಿಲ್ಲ, ಮಾಗಿ ತಾನಾಗಿ ಬಿದ್ದದ್ದನ್ನೇ ಆಯುತ್ತಾರೆ. ಬೀಜ ತಿರುಚಿ ತೆಗೆದು, ಹಣ್ಣನ್ನು ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ಉಳಿದ ಹಿಪ್ಪೆಯನ್ನು ಗುಡ್ಡೆ ಮಾಡಿ, ಬಳ್ಳಿ ಸುತ್ತಿ, ಮೇಲೆ ಕಲ್ಲು ಹೇರುತ್ತಾರೆ. ಹನಿಹನಿಯಾಗಿ ಇಳಿಯುವ ತಿಳಿರಸವೇ ನೀರೋ. ಅದು ಅಮಲಿಲ್ಲದ್ದು, ಮಕ್ಕಳೂ ಕುಡಿಯಬಹುದು.

ತುಳಿದ ರಸ ಮೂರ್ನಾಲ್ಕು ದಿನ ತಾನೇ ಹುದುಗುತ್ತದೆ. ಯೀಸ್ಟ್ ಬೆರೆಸುವುದಿಲ್ಲ. ಭಟ್ಟಿಯಿಂದ ಮೊದಲು ಇಳಿದದ್ದು ಉರಾಕ್, ಮತ್ತೆ ಭಟ್ಟಿ ಇಳಿಸಿದರೆ ಫೆನಿ. ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ನನ್ನ ಒಲವು ಮಾತ್ರ ಉರಾಕ್‌ಗೇ: ಹಗುರ, ಹಣ್ಣಿನ ಒಗರು ಇನ್ನೂ ನಾಲಿಗೆಗೆ ಹತ್ತುವಂಥದ್ದು. ಲಿಂಬೆ, ಸೀಳಿದ ಹಸಿಮೆಣಸು, ಚಿಟಿಕೆ ಉಪ್ಪು ಸೇರಿದರೆ ಸೆಕೆಯೇ ಮರೆತುಹೋಗುತ್ತದೆ.

ನಮ್ಮ ಅಂಕೋಲೆಯ ಬೇಣಗಳಲ್ಲೂ ಗೇರುಮರಗಳಿವೆ. ಬೀಜ ಮಾರಾಟಕ್ಕೆ ಹೋಗುತ್ತದೆ, ಹಣ್ಣು ಮರದಡಿಯೇ ಕೊಳೆಯುತ್ತದೆ. ಈ ಬೇಸಿಗೆಯಲ್ಲಿ ಒಂದು ಬುಟ್ಟಿ ಆಯ್ದು, ಮನೆಯಲ್ಲಿ ನೀರೋ ಆದರೂ ಇಳಿಸಿ ನೋಡಿ.